ಪದಚರ್ಚೆ: ಬ್ರೇಕ್ ‘ಗಟ್ಟಿ’ ಆಯ್ತು ಅಂದರೆ ಒಳ್ಳೇದಾ, ಕೆಟ್ಟದ್ದಾ?

ಗೆಳೆಯರೇ, ನಮಸ್ಕಾರ.

ಒಂದು ಫೋನ್ ಮಾತಿನಿಂದ ಹುಟ್ಟಿದ ಪ್ರಶ್ನೆ ಇದು. ಹೋದ ತಿಂಗಳು ಬಾಗಲಕೋಟೆಯಿಂದ ವಿಜಯಪುರಕ್ಕೆ ವಾಪಸ್ ಬರುತ್ತಿದ್ದೆ. ಸುಡುವ ಮಧ್ಯಾಹ್ನ. ಕೊಲ್ಹಾರದ ಸೇತುವೆ ದಾಟಿ ಸ್ವಲ್ಪ ದೂರ ಬಂದಿದ್ದೆ, ಮುಂದಿದ್ದ ಟಂಟಂ ಗಕ್ಕನೆ ನಿಂತಿತು, ದ್ರಾಕ್ಷಿ ಕ್ರೇಟ್ ತುಂಬಿದ್ದು. ಬ್ರೇಕ್ ಒತ್ತಿದೆ. ಪೆಡಲ್ ಕಲ್ಲು! ಎರಡೂ ಕಾಲು ಕೊಟ್ಟು ತುಳಿದ ಮೇಲೆ ಕಾರು ನಿಂತಿತು, ಕ್ರೇಟಿಗೂ ನನಗೂ ಒಂದು ಮೊಳ ಬಿಟ್ಟು. ಬೇವಿನ ನೆರಳಲ್ಲಿ ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಚಾಲೂ ಮಾಡಿ ಒತ್ತಿದರೆ ಬೆಣ್ಣೆ. ಏನೂ ಆಗೇ ಇಲ್ಲ ಅನ್ನೋ ಹಾಗೆ.

ಅಲ್ಲಿಂದಲೇ ಗ್ಯಾರೇಜಿಗೆ ಫೋನ್ ಮಾಡಿ, ‘ಬ್ರೇಕ್ ಒಮ್ಮೆಲೇ ಗಟ್ಟಿ ಆಯ್ತು’ ಅಂದೆ. ಮಿಸ್ತ್ರಿ ಆ ಕಡೆಯಿಂದ, ‘ಗಟ್ಟಿ ಇದ್ರ ಛಲೋನ ಆತಲ್ರಿ ಸರ, ಸಡ್ಲ ಆದ್ರ ಹೇಳ್ರಿ’ ಅಂದರು.

ತಪ್ಪು ಅವರದಲ್ಲ. ಗಟ್ಟಿ ಅನ್ನುವುದು ನಮ್ಮಲ್ಲಿ ಹೊಗಳಿಕೆ. ಗಟ್ಟಿ ಆಳು, ಗಟ್ಟಿ ಮೊಸರು, ಗಟ್ಟಿ ಬಟ್ಟೆ. ಬ್ರೇಕ್ ಗಟ್ಟಿ ಅಂದರೆ ಚೆನ್ನಾಗಿ ಹಿಡಿಯುತ್ತದೆ ಅಂತಲೇ ಕೇಳಿಸುತ್ತದೆ. ನಾನು ಹೇಳಬೇಕಿದ್ದದ್ದು ಪೂರ್ತಿ ಉಲ್ಟಾ: ಪೆಡಲ್ ಬಗ್ಗುತ್ತಿಲ್ಲ, ಗಾಡಿ ನಿಲ್ಲುತ್ತಿಲ್ಲ. ನಾನು ಐಟಿಐ ಹುಡುಗರಿಗೆ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ. ಅದರಲ್ಲಿ ‘ಬ್ರೇಕ್ ಗಟ್ಟಿಯಾದರೆ ಕೂಡಲೇ ಗಾಡಿ ನಿಲ್ಲಿಸಿ’ ಅಂತ ಆಗಲೇ ಬರೆದಾಗಿತ್ತು. ಹೊಡೆದು ಹಾಕಿದೆ.

ಹಾಗಾದರೆ ಏನನ್ನೋಣ? ಅಥಣಿ ರೋಡಿನ ಗ್ಯಾರೇಜಿನಲ್ಲಿ ಎರಡು ದಿನ ಕೂತು ಕಿವಿಗೊಟ್ಟೆ. ಒಬ್ಬ ‘ಗಡಸ’ ಅಂದ. ಇನ್ನೊಬ್ಬ ‘ಖಡಕ್’ ಅಂದ. ಆದರೆ ಖಡಕ್ ರೊಟ್ಟಿಯನ್ನು ನಾವು ಬೇಕು ಅಂತಲೇ ಹಾಗೆ ಮಾಡಿಕೊಳ್ಳುತ್ತೇವೆ, ಅದು ದೋಷ ಅಲ್ಲ. ಮೂರನೆಯವನು ‘ಬಿರಸ ಆಗೈತ್ರಿ’ ಅಂದ. ಇದು ನನಗೆ ಹಿಡಿಸಿತು. ನಿನ್ನೆಯ ಮೆತ್ತನೆ ರೊಟ್ಟಿ ಇವತ್ತು ಬಿರಸಾಗುತ್ತದೆ. ಮೊದಲು ಸರಿ ಇತ್ತು, ಆಮೇಲೆ ಹೀಗಾಯ್ತು ಅನ್ನುವುದು ಪದದ ಒಳಗೇ ಇದೆ. ಒಂದೇ ಅಳುಕು. ಪೇಪರಿನಲ್ಲಿ ಮಳೆ ‘ಬಿರುಸು’, ಚುನಾವಣಾ ಪ್ರಚಾರ ‘ಬಿರುಸು’. ಮೈಸೂರು ಕಡೆಯವರಿಗೆ ‘ಪೆಡಲ್ ಬಿರುಸಾಗಿದೆ’ ಅಂದರೆ ಪೆಡಲ್ ಜೋರಾಗಿ ಕೆಲಸ ಮಾಡುತ್ತಿದೆ ಅಂತ ಕೇಳಿಸಬಹುದಾ? ಆ ಕಡೆಯವರು ಹೇಳಬೇಕು.

‘ಬ್ರೇಕ್ ಫೇಲ್’ ಅಂತ ಬರೆದು ಮುಗಿಸಿ ಅನ್ನಬೇಡಿ. ಪೆಡಲ್ ಸಡಿಲಾಗಿ ತಳಕ್ಕೆ ಹೋದರೆ ಎಣ್ಣೆ ಸೋರಿರಬೇಕು, ಇಲ್ಲ ಲೈನಿನಲ್ಲಿ ಗಾಳಿ ಸೇರಿರಬೇಕು, ಇಲ್ಲ ಮಾಸ್ಟರ್ ಸಿಲಿಂಡರ್ ಹೋಗಿರಬೇಕು. ಬಿರಸಾದರೆ ಬ್ರೇಕ್ ಇದೆ, ಅದಕ್ಕೆ ಬೂಸ್ಟರ್ (ನಮ್ಮ ಕಾಲಿನ ಒತ್ತಿಗೆ ಬಲ ಸೇರಿಸುವ ಡಬ್ಬಿ) ಕೊಡುವ ಬಲ ಇಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ಹುಡುಗ ಬೇರೆ ಕಡೆಯೇ ಬಿಚ್ಚುತ್ತಾನೆ.

ಎರಡನೆಯದು, ಇದು ಆಗಾಗ ಬಂದು ಹೋಗುವ ದೋಷ. ಒಂದು ಪದಪಟ್ಟಿಯಲ್ಲಿ ‘ಮಧ್ಯಂತರ ದೋಷ’ ಅಂತ ನೋಡಿದೆ. ಮಧ್ಯಂತರ ಚುನಾವಣೆ, ಮಧ್ಯಂತರ ಆದೇಶ ಕೇಳಿದ ಕಿವಿಗೆ ಇದು ಕೋರ್ಟಿನ ಮಾತು. ಜ್ವರಕ್ಕೆ ‘ಬಿಟ್ಟು ಬಿಟ್ಟು ಬರುತ್ತದೆ’ ಅಂತೀವಲ್ಲ, ಅದೇ ಸಾಕು ಅನ್ನಿಸಿತ್ತು. ಆದರೆ ಮಿಸ್ತ್ರಿ ಬೇರೆಯೇ ದಾರಿ ತೋರಿಸಿದರು. ‘ಮುಂಜಾನಿ ಛಲೋ ಹತ್ತತೈತ್ರಿ, ಬಿಸಿ ಆತಂದ್ರ ಹತ್ತವಲ್ದು’ ಅಂದರು. ಹತ್ತುವುದು ಅಂದರೆ ಇಲ್ಲಿ ಬ್ರೇಕ್ ಹಿಡಿಯುವುದು. ‘ಹತ್ತೂದಿಲ್ಲ’ ಅನ್ನಲಿಲ್ಲ, ಗಮನಿಸಿ. ಹತ್ತೂದಿಲ್ಲ ಅಂದರೆ ಹತ್ತುವುದೇ ಇಲ್ಲ, ಮುಗೀತು. ಹತ್ತವಲ್ದು ಅಂದರೆ ಈಗ ಒಲ್ಲೆ ಅನ್ನುತ್ತಿದೆ, ಆಮೇಲೆ ಒಪ್ಪಲೂಬಹುದು. ಮಳಿ ಬರವಲ್ದು, ಕರೆಂಟ್ ಬರವಲ್ದು, ಕೂಸು ಉಣ್ಣವಲ್ದು. ಎಲ್ಲದರಲ್ಲೂ ಹಟ ಇದೆ, ಆಸೆಯೂ ಇದೆ. ಪದಪಟ್ಟಿ ಹುಡುಕುತ್ತಿದ್ದ ಅರ್ಥ ನಮ್ಮಲ್ಲಿ ಕ್ರಿಯಾಪದದ ಬಾಲದಲ್ಲೇ ಕೂತಿದೆ!

ಆ ‘ವಲ್ದು’ ಹಿಡಿದುಕೊಂಡೇ ಅವರು ದೋಷ ಹುಡುಕಿದರು. ಬೆಳಿಗ್ಗೆ ತಣ್ಣಗಿದ್ದಾಗ, ಇಂಜಿನ್ ಬಂದ್ ಇಟ್ಟು ಪೆಡಲನ್ನು ಐದು ಸಲ ತುಳಿದರು. ಬಿರಸಾಯಿತು. ಕಾಲು ತೆಗೆಯದೆ ಚಾಲೂ ಮಾಡಿದರು, ಪೆಡಲ್ ಕಾಲಡಿ ಸ್ವಲ್ಪ ಇಳಿಯಿತು. ಅಂದರೆ ಸರಿ ಇದೆ. ಊರು ಸುತ್ತಿ ಮಧ್ಯಾಹ್ನ ಬಿಸಿ ಇಂಜಿನ್ನಿನಲ್ಲಿ ಅದನ್ನೇ ಮಾಡಿದರೆ ಪೆಡಲ್ ಇಳಿಯಲೇ ಇಲ್ಲ. ಆಮೇಲೆ ಗಾಳಿ ಹೀರುವ ಪಂಪಿನಿಂದ ಬೂಸ್ಟರಿಗೆ ಹೋಗುವ ರಬ್ಬರ್ ಪೈಪನ್ನು ಬೆರಳಲ್ಲಿ ಹಿಚುಕಿ ನನ್ನ ಕೈಗೂ ಕೊಟ್ಟರು. ಬಾಳೆಹಣ್ಣಿನ ಹಾಗೆ ಮೆತ್ತಗಿತ್ತು. ಎಳನೀರಿನ ಕಾಗದದ ಸ್ಟ್ರಾ ನೆನೆದರೆ ಹೀರುವಾಗ ಚಪ್ಪಟೆ ಆಗುತ್ತದಲ್ಲ, ಹಾಗೇ ಇದು. ಬಿಸಿಗೆ ಪೈಪ್ ‘ಬಾಯಿ ಮುಚ್ಚಿಕೋತೈತಿ’. ನನ್ನದು ಡೀಸೆಲ್ ಗಾಡಿ. ಪೆಟ್ರೋಲ್ ಗಾಡಿಯ ಹಾಗೆ ಇಂಜಿನ್ನಿನ ಇನ್‌ಟೇಕ್‌ನಿಂದ ಹೀರುವಿಕೆ ಸಿಗುವುದಿಲ್ಲ, ಅದಕ್ಕೇ ಬೇರೆ ಪಂಪ್. ಪೈಪಿನಲ್ಲಿರುವ ಒಮ್ಮುಖ ವಾಲ್ವ್‌ಗೆ ಹೆಸರು ಹುಡುಕುವ ಕಷ್ಟವೇ ಇಲ್ಲ. ಬಾವಿ ಪಂಪಿನ ಫುಟ್‌ವಾಲ್ ಇದ್ದ ಹಾಗೆ ಅಂದರೆ ನಮ್ಮ ಹುಡುಗರಿಗೆ ಗೊತ್ತಾಗುತ್ತದೆ.

ಇನ್ನು ಬೂಸ್ಟರ್ ಕೊಡುವ ಆ ಬಲಕ್ಕೆ ಏನು ಹೆಸರು? ‘ನಿರ್ವಾತ ಸಹಾಯ’ ಅಂದರೆ ನಿರ್ವಾತವೇ ಎಳೆಯುತ್ತದೆ ಅಂದುಕೊಳ್ಳುತ್ತಾರೆ. ಎಳೆಯುವುದಿಲ್ಲ, ಹೊರಗಿನ ಗಾಳಿ ದೂಡುತ್ತದೆ. 20 ಸೆಂಟಿಮೀಟರ್ ಅಗಲದ ಬೂಸ್ಟರಿನ ಒಳಗೆ ಚದರ ಸೆಂಟಿಮೀಟರಿಗೆ 0.7 ಕೆಜಿ ಒತ್ತಡ ಕಮ್ಮಿಯಾದರೆ, ಗಾಳಿ ಸುಮಾರು 220 ಕೆಜಿ ಭಾರದಷ್ಟು ದೂಡುತ್ತದೆ. ಹಾಗಂತ ‘ಗಾಳಿ ಬ್ರೇಕ್’ ಅನ್ನೋಕೂ ಆಗಲ್ಲ, ಅದು ಲಾರಿಯದು. ‘ಆಸರೆ’ ಅಂದರೆ ನಮ್ಮ ಹುಡುಗರಿಗೆ ಆಸರಕಿ, ನೀರಡಿಕೆ ನೆನಪಾಗುತ್ತದೆ. ಸದ್ಯಕ್ಕೆ ‘ಕೈ ಹಚ್ಚು’ ಅಂತ ಬರೆದಿದ್ದೇನೆ. ಮೂಟೆ ಎತ್ತುವಾಗ ‘ಒಂಚೂರು ಕೈ ಹಚ್ಚರಿ’ ಅಂತೀವಲ್ಲ, ಅದೇ. ‘ಬೂಸ್ಟರ್ ಕೈ ಹಚ್ಚುತ್ತಿಲ್ಲ.’ ಆದರೆ ಮಂಗಳೂರು, ಮಂಡ್ಯ ಕಡೆ ಇದು ಗೊತ್ತಾಗುತ್ತದಾ?

ಕೊನೆಗೆ ಒಂದು ಬರವಣಿಗೆಯ ಪ್ರಶ್ನೆ. ‘ಹತ್ತವಲ್ದು’ ಅನ್ನು ನೋಟ್ಸಿನಲ್ಲಿ ಹೇಗೆ ಬರೆಯಲಿ? ‘ಹತ್ತಲೊಲ್ಲದು’ ಅಂತ ಬರೆದು ನೋಡಿದೆ, ಬ್ರೇಕು ಪದ್ಯ ಹೇಳಿದ ಹಾಗಾಯ್ತು. ಹಾಗೇ ‘ಹತ್ತವಲ್ದು’ ಅಂತ ಬಿಟ್ಟರೆ ದಾವಣಗೆರೆಯಿಂದ ಆಚೆ ಓದುವವರು ಅದನ್ನು ‘ಹತ್ತುವುದಿಲ್ಲ’ ಅಂತಲೇ ತಿಳಿಯುತ್ತಾರಾ?