ಸಹಾಯ ಬೇಕು: ಆಗುಂಬೆಯ ದೊಡ್ಡಮನೆ ನೋಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಂಕರ್‌ನಾಗ್ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿ ಚಿತ್ರೀಕರಿಸಿದ ಆಗುಂಬೆಯ ದೊಡ್ಡಮನೆಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕು. ಧಾರಾವಾಹಿಯ ಹುಡುಗ ಸ್ವಾಮಿ ಓಡಾಡಿದ ಆ ಅಂಗಳ, ಮರದ ಕಂಬಗಳನ್ನು ಕಣ್ಣಾರೆ ನೋಡಬೇಕು ಅಂತ ಅವರಿಗೆ ತುಂಬಾ ಆಸೆ. ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತರೂ ಸಾಕಂತೆ.

ಅದು ಜನ ವಾಸವಿರುವ ಮನೆ, ಮ್ಯೂಸಿಯಂ ಅಲ್ವಲ್ಲ. ಸುಮ್ನೆ ಹೋಗಿ ಬಾಗಿಲು ತಟ್ಟಲು ಮನಸ್ಸು ಬರುತ್ತಿಲ್ಲ. ಈಚೆಗೆ ಹೋಗಿ ಬಂದವರು ದಯವಿಟ್ಟು ಹೇಳಿ. ಮೊದಲೇ ಕೇಳಿಕೊಂಡು ಹೋಗಬೇಕಾ? ಯಾವ ಹೊತ್ತಿಗೆ ಹೋದರೆ ಮನೆಯವರಿಗೆ ತೊಂದರೆ ಆಗುವುದಿಲ್ಲ? ರಾತ್ರಿ ಉಳಿಯಬಹುದಾ? ಅಮ್ಮನಿಗೆ ಮಂಡಿನೋವು ಜಾಸ್ತಿ. ಮೆಟ್ಟಿಲು, ಎತ್ತರದ ಹೊಸ್ತಿಲು ಎಷ್ಟಿವೆ ಅಂತ ತಿಳಿದರೆ ದೊಡ್ಡ ಉಪಕಾರ. ಉಡುಪಿ ಕಡೆಯಿಂದ ಘಾಟಿ ಹತ್ತಿ ಬರುತ್ತೇವೆ. ಮಳೆಯಲ್ಲಿ ಆ ತಿರುವುಗಳು ಅವರಿಗೆ ಕಷ್ಟ. ಡಿಸೆಂಬರ್ ಆದರೆ ಒಳ್ಳೆಯದಾ?