ಮೆದುಳಿನ ಗಡ್ಡೆಗೆ ಬಯಾಪ್ಸಿ ಅಂತಿದ್ದಾರೆ, ಅನುಭವ ಇರೋರು ಹೇಳಿ

ಅಪ್ಪಾಜಿಗೆ 62, ದಿನಸಿ ಅಂಗಡಿ ಇದೆ. ಒಂದೂವರೆ ತಿಂಗಳಿಂದ ಚಿಲ್ಲರೆ ಕೊಡೋಕೆ ತಡವರಿಸ್ತಿದ್ರು. ನೂರರ ನೋಟು ಕೈಲಿ ಹಿಡ್ಕೊಂಡು ಸುಮ್ನೆ ನೋಡ್ತಾ ನಿಲ್ಲೋರು. ವಯಸ್ಸಾಯ್ತು ಅಂದ್ಕೊಂಡ್ವಿ. ಎಂಆರ್‌ಐ ರಿಪೋರ್ಟಲ್ಲಿ ಲಿಂಫೋಮಾ (ಒಂದು ಥರದ ಕ್ಯಾನ್ಸರ್) ಇರಬಹುದು, ಟಿಬಿ ಗಡ್ಡೆಯೂ ಇರಬಹುದು ಅಂತಿದೆ. ಬಯಾಪ್ಸಿ ಅಂದ್ರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡೋದಂತೆ. ಅದಕ್ಕೆ ತಲೆಗೆ ತೂತು ಹಾಕ್ಸೋದು ಬೇಡ ಅಂತ ಅಮ್ಮ ಪಟ್ಟು ಹಿಡಿದು ಕೂತಿದ್ದಾರೆ.

ಶಿವಮೊಗ್ಗದಿಂದ:
ತಂಗಿ, ಮಿಕ್ಕಿದ್ದೆಲ್ಲ ಆಮೇಲೆ. ಅಪ್ಪಾಜಿಗೆ ಸ್ಟೀರಾಯ್ಡ್ ಶುರು ಮಾಡಿದ್ದಾರಾ? ಚೀಟಿಯಲ್ಲಿ ಡೆಕ್ಸಾಮೆಥಾಸೋನ್ ಅಂತ ಇದೆಯಾ ನೋಡಿ.

ನಮ್ಮ ಯಜಮಾನ್ರಿಗೆ ತಲೆನೋವು, ವಾಂತಿ ಅಂತ ಒಂದು ಆಸ್ಪತ್ರೆಗೆ ಹೋದಾಗ ಊತ ಇಳೀಲಿ ಅಂತ ಅದನ್ನೇ ಕೊಟ್ರು. ಮೂರನೇ ದಿನ ಎದ್ದು ಕೂತು ಪೇಪರ್ ಓದಿದ್ರು. ನಾನು ಹರಕೆಯನ್ನೂ ತೀರಿಸಿ ಬಂದೆ. ಎರಡು ವಾರಕ್ಕೆ ಸ್ಕ್ಯಾನ್ ಮಾಡಿದ್ರೆ ಗಡ್ಡೆ ಮುಕ್ಕಾಲು ಮಾಯ! ಅಷ್ಟರ ಮೇಲೆ ಬಯಾಪ್ಸಿ ಮಾಡಿದ್ರು, ಸತ್ತ ಕೋಶ, ಉರಿಯೂತ ಬಿಟ್ಟು ಏನೂ ಸಿಗಲಿಲ್ಲ. ಲಿಂಫೋಮಾ ಕೋಶಗಳು ಸ್ಟೀರಾಯ್ಡ್‌ಗೆ ಕರಗಿ ಹೋಗ್ತವಂತೆ, ಆದ್ರೆ ಕಾಯಿಲೆ ಹೋಗಲ್ಲ. ಎರಡೂವರೆ ತಿಂಗಳಿಗೆ ಮೆದುಳಿನ ಇನ್ನೊಂದು ಜಾಗದಲ್ಲಿ ಬಂತು. ಎರಡನೇ ಬಯಾಪ್ಸಿಲಿ ಹೆಸರು ಗೊತ್ತಾಯ್ತು.

ಹಾಗಂತ ನೀವಾಗೇ ಮಾತ್ರೆ ನಿಲ್ಲಿಸಬೇಡಿ, ಊತ ಏರಿದ್ರೆ ಜೀವಕ್ಕೇ ಕುತ್ತು. ಬಯಾಪ್ಸಿ ಮುಗಿಯೋ ತನಕ ಇದಿಲ್ಲದೆ ನಡೆಯುತ್ತಾ, ಇಲ್ಲ ಬಯಾಪ್ಸಿಯನ್ನೇ ಬೇಗ ಮಾಡಬಹುದಾ ಅಂತ ನ್ಯೂರೋಸರ್ಜನ್‌ನ ಕೇಳಿ.

ತೂತು ಅಂದ್ರೆ ತಲೆ ಬಿಚ್ಚೋದಲ್ಲ ಅಂತ ಅಮ್ಮನಿಗೆ ಹೇಳಿ. ಸ್ಕ್ಯಾನ್ ನೋಡಿ ಅಳತೆ ಹಾಕಿ ಸೂಜಿ ಇಳಿಸ್ತಾರೆ. ಇವರಿಗೆ ಅಂಗೈ ಅಗಲ ಕೂದಲು ತೆಗೆದಿದ್ರು, ಎರಡು ಹೊಲಿಗೆ. ರಕ್ತಸ್ರಾವದ ಭಯ ಇಲ್ಲ ಅಂತಲ್ಲ, ಅದನ್ನ ಬಿಡಿಸಿ ಕೇಳ್ಕೊಳ್ಳಿ. ಲಿಂಫೋಮಾ ಆದ್ರೆ ಸಾಮಾನ್ಯವಾಗಿ ಗಡ್ಡೆ ಕತ್ತರಿಸಿ ತೆಗೆಯಲ್ಲ, ಮೆಥೊಟ್ರೆಕ್ಸೇಟ್ ಅನ್ನೋ ಔಷಧಿಯನ್ನ ದೊಡ್ಡ ಡೋಸಲ್ಲಿ ಕೊಡ್ತಾರೆ.

ಹಾವೇರಿಯಿಂದ:
ನಮ್ಮತ್ತೆಗೆ ಎಲ್ಲರೂ ಕ್ಯಾನ್ಸರ್ ಅಂತ ಕೈಚೆಲ್ಲಿದ್ರು, ಬಯಾಪ್ಸಿಲಿ ಬಂದಿದ್ದು ಟಿಬಿ. ಈಗ ರೊಟ್ಟಿ ಬಡೀತಾರೆ. ಇದನ್ನ ಅಮ್ಮನಿಗೆ ಓದಿ ಹೇಳಿ. ಟಿಬಿ ಮಾತ್ರೆ ಕೊಟ್ಟು ನೋಡೋಣ ಅಂತ ಯಾರಾದ್ರೂ ಅಂದ್ರೆ ಒಂದು ನೆನಪಿರಲಿ: ಮೆದುಳಿನ ಟಿಬಿಗೂ ಜೊತೆಗೆ ಸ್ಟೀರಾಯ್ಡ್ ಕೊಡ್ತಾರೆ. ಗುಣ ಕಂಡಿದ್ದು ಯಾವುದರಿಂದ ಅಂತ ಗೊತ್ತಾಗಲ್ಲ.

ಬೆಂಗಳೂರಿಂದ:
ಲಿಂಫೋಮಾ ಅಂತಾದ್ರೆ ಟೆಸ್ಟುಗಳ ಸಾಲೇ ಬರುತ್ತೆ, ಗಾಬರಿ ಬೇಡ. ಬೆನ್ನಿಂದ ನೀರು ತೆಗೆಯೋದು, ಇಡೀ ಮೈಗೆ ಪೆಟ್ ಸ್ಕ್ಯಾನ್, ಕಣ್ಣಿನ ಡಾಕ್ಟರ ಹತ್ರ ತಪಾಸಣೆ (ಈ ಕಾಯಿಲೆ ಕಣ್ಣೊಳಗೂ ಅಡಗಿರಬಹುದು), ಗಂಡಸರಿಗೆ ವೃಷಣದ ಸ್ಕ್ಯಾನ್. ಎಚ್‌ಐವಿ ಟೆಸ್ಟ್ ಅಂದಾಗ ನಮ್ಮಣ್ಣ ಡಾಕ್ಟರ ಮೇಲೇ ರೇಗಿದ್ದ. ಅದನ್ನ ಎಲ್ಲರಿಗೂ ಮಾಡ್ತಾರೆ ಅಂತ ಆಮೇಲೆ ಗೊತ್ತಾಯ್ತು. ಇನ್ನೊಂದು, ಬಯಾಪ್ಸಿಯ ಸ್ಲೈಡು, ಮೇಣದ ಬ್ಲಾಕು (ತೆಗೆದ ಚೂರನ್ನ ಮೇಣದಲ್ಲಿ ಹುದುಗಿಸಿಟ್ಟಿರೋದು) ಎರಡನ್ನೂ ಕೇಳಿ ಇಸ್ಕೊಳ್ಳಿ. ನಿಮ್ಹಾನ್ಸ್‌ಗೋ ಕಿದ್ವಾಯಿಗೋ ಹೋದ್ರೆ ಬರೀ ರಿಪೋರ್ಟ್ ಕಾಗದ ಸಾಲಲ್ಲ.

ಕೇಳಿದವರು:
ಚೀಟಿ ನೋಡಿದೆ ಅಕ್ಕಾ. ನಿನ್ನೆ ರಾತ್ರಿಯಿಂದ ಡೆಕ್ಸಾ ಇದೆ, ದಿನಕ್ಕೆ ಮೂರು ಸಲ. ಡ್ಯೂಟಿ ಡಾಕ್ಟರ್ ಬರೆದಿದ್ದು, ಸರ್ಜನ್‌ಗೆ ಗೊತ್ತಿದೆಯೋ ಇಲ್ವೋ. ಈಗಲೇ ವಾರ್ಡಿಗೆ ಹೋಗ್ತಿದ್ದೀನಿ.