ಇನ್ಸೆಪ್ಷನ್: ಹೋಟೆಲಲ್ಲಿ ತೇಲಿದವರು ಹಿಮದಲ್ಲಿ ಯಾಕೆ ತೇಲಲಿಲ್ಲ?

ಪ್ರಶ್ನೆ (ಶಿರಸಿಯಿಂದ)

ನಿನ್ನೆ ರಾತ್ರಿ ಜೋರು ಮಳೆ. ಮನೆಯವರೆಲ್ಲ ಮಲಗಿದ ಮೇಲೆ 2010ರ ‘ಇನ್ಸೆಪ್ಷನ್’ ಸಿನಿಮಾ ಮೂರನೇ ಸಲ ನೋಡಿದೆ. ಕನಸಿನೊಳಗೆ ಕನಸು, ಅದರೊಳಗೆ ಇನ್ನೊಂದು. ಅಷ್ಟು ಅರ್ಥವಾಯಿತು. ಎರಡು ಗಂಟು ಮಾತ್ರ ಬಿಚ್ಚಲೇ ಇಲ್ಲ.

ಮೊದಲ ಕನಸಲ್ಲಿ ಇವರು ಮಲಗಿರುವ ವ್ಯಾನ್ ಸೇತುವೆಯಿಂದ ಬೀಳುವಾಗ, ಎರಡನೇ ಕನಸಿನ ಹೋಟೆಲಿನಲ್ಲಿ ಎಲ್ಲರೂ ಗಾಳಿಯಲ್ಲಿ ತೇಲುತ್ತಾರೆ. ಅದರ ಕೆಳಗಿನ, ಮೂರನೇ ಕನಸಿನ ಹಿಮದ ಬೆಟ್ಟದಲ್ಲಿ ಯಾರೂ ತೇಲುವುದಿಲ್ಲ. ಯಾಕೆ? ಮತ್ತೆ, ಕನಸಲ್ಲಿ ಸತ್ತರೆ ಎಚ್ಚರವಾಗುತ್ತದೆ ಅಂತ ಮೊದಲು ಅವರೇ ತೋರಿಸುತ್ತಾರೆ. ಹಾಗಿದ್ದರೆ ಕನಸಲ್ಲಿ ಗುಂಡು ತಿಂದ ತಮ್ಮ ತಂಡದ ಸೈಟೊನನ್ನು ಉಳಿಸಲು ಅಷ್ಟು ಒದ್ದಾಟ ಏಕೆ?

ಉತ್ತರ (ಕುಮಟಾದಿಂದ)

ಎರಡನೆಯದು ಸುಲಭ. ಮೂರು ಪದರ ಕನಸು ನಿಲ್ಲಬೇಕಾದರೆ ನಿದ್ದೆ ತುಂಬಾ ಗಟ್ಟಿ ಇರಬೇಕು. ಅದಕ್ಕೇ ತಂಡದ ಮದ್ದು ತಯಾರಕ ಯೂಸುಫ್ ಭಾರಿ ಮದ್ದು ಕೊಡುತ್ತಾನೆ. ಆ ಅಮಲಿನಲ್ಲಿ ಸತ್ತರೆ ಮೇಲೆ ಏಳುವುದಿಲ್ಲ, ಇನ್ನೂ ಆಳಕ್ಕೆ, ಲಿಂಬೋ ಅನ್ನುವ ಕನಸಿನ ತಳಕ್ಕೆ ಹೋಗಿ ಬೀಳುತ್ತಾರೆ.

ತೇಲುವ ವಿಷಯ ನನಗೆ ಬಸ್ಸಲ್ಲಿ ಅರ್ಥವಾಯಿತು. ವಾರಕ್ಕೊಮ್ಮೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಊರಿಗೆ ಬರುತ್ತೇನೆ. ಒಮ್ಮೆ ಕಿಟಕಿಗೆ ತಲೆ ಕೊಟ್ಟು ತೂಕಡಿಸುತ್ತಿದ್ದೆ. ಕನಸಲ್ಲಿ ನಮ್ಮ ತೋಟದ ಸಂಕದ (ಕಾಲುಸೇತುವೆ) ಮೇಲೆ ನಡೀತಿದ್ದೇನೆ. ಬಸ್ಸು ತಿರುವಿನಲ್ಲಿ ವಾಲಿತು, ಸಂಕವೂ ವಾಲಿತು. ಬೀಳಬಾರದು ಅಂತ ಪಕ್ಕದ ಅಡಿಕೆ ಮರ ಹಿಡಿದೆ. ಕಣ್ಣು ಬಿಟ್ಟರೆ ಮುಂದಿನ ಸೀಟಿನ ಕಂಬಿ ಕೈಯಲ್ಲಿತ್ತು!

ಸಿನಿಮಾದಲ್ಲೂ ಇದೇ. ಮೈಯ ಓಲಾಟ ತಿಳಿಯುವುದು ಒಳಗಿವಿಯಿಂದ. ತನ್ನ ಮದ್ದು ಒಳಗಿವಿಯನ್ನು ಮುಟ್ಟುವುದಿಲ್ಲ ಅಂತ ಯೂಸುಫ್ ಮೊದಲೇ ಹೇಳುತ್ತಾನೆ. ತಂಡದ ಆರ್ಥರ್‌ನ ಮೈ ವ್ಯಾನಿನಲ್ಲಿದೆ, ವ್ಯಾನ್ ಬೀಳುತ್ತಿದೆ, ಹಾಗಾಗಿ ಅವನ ಕನಸಿನ ಹೋಟೆಲಿಗೆ ಭಾರವೇ ಇಲ್ಲ.

ಉತ್ತರ (ಕಾರವಾರದಿಂದ)

ಹೋಟೆಲಿನವರೆಗೆ ಸರಿ. ಆದರೆ ಅದೇ ಲೆಕ್ಕ ಹಿಡಿದರೆ ಹಿಮದಲ್ಲೂ ತೇಲಬೇಕಲ್ವಾ? ಅದು ತಂಡದ ಇನ್ನೊಬ್ಬ, ಈಮ್ಸ್‌ನ ಕನಸು. ಅವನ ಮೈ ಹೋಟೆಲಿನಲ್ಲಿ ತೇಲುತ್ತಲೇ ಇದೆ. ಸಿನಿಮಾ ಇಲ್ಲಿ ತನ್ನ ನಿಯಮ ತಾನೇ ಮುರಿದಿದೆ ಅಂತಲೇ ನನ್ನ ಅಭಿಪ್ರಾಯ. ನಿರ್ದೇಶಕ ನೋಲನ್ ಸಿನಿಮಾ ಅಂತ ಸುಮ್ನೆ ಸಮರ್ಥನೆ ಹುಡುಕುವುದು ಬೇಡ.

ಹಾಗಂತ ಏನೂ ತಟ್ಟುವುದಿಲ್ಲ ಅಂತಲ್ಲ. ವ್ಯಾನ್ ಸೇತುವೆಯ ತಡೆ ಒಡೆದಾಗ ಬೆಟ್ಟದ ಹಿಮ ಕುಸಿಯುತ್ತದೆ, ನೋಡಿ. ಅದೇ ಅವರಿಗೆ ಕೈತಪ್ಪಿದ ಮೊದಲ ಕಿಕ್, ಅಂದರೆ ಮಲಗಿದವರನ್ನು ಎಬ್ಬಿಸಬೇಕಿದ್ದ ಝಟಕೆ. ವ್ಯಾನ್ ನೀರಿಗೆ ಬಡಿಯುವುದು ಎರಡನೆಯದು. ಮದ್ದಿನಿಂದ ಒಂದೊಂದು ಪದರಕ್ಕೂ ಸಮಯ 20 ಪಟ್ಟು ಹಿಗ್ಗುತ್ತದೆ. ವ್ಯಾನಿನ 10 ಸೆಕೆಂಡ್ ಅಂದರೆ ಹೋಟೆಲಿನಲ್ಲಿ 3 ನಿಮಿಷ, ಹಿಮದಲ್ಲಿ ಸುಮಾರು ಒಂದು ಗಂಟೆ. ಅದಕ್ಕೇ ಆ ವ್ಯಾನ್ ಬೀಳುತ್ತಲೇ ಇರುತ್ತದೆ.

2024ರ ಆಗಸ್ಟ್‌ನಲ್ಲಿ ನಮ್ಮ ಕಾಳಿ ಹಳೆ ಸೇತುವೆ ಕುಸಿದು ಲಾರಿ ನದಿಗೆ ಬಿತ್ತಲ್ಲ, ಚಾಲಕ ಬದುಕಿದರು. ಅದಾದ ಮೇಲೆ ಆ ದೃಶ್ಯ ಬಂದರೆ ನನಗೆ ಎದೆ ಬಡಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಹಿಮ ಕುಸಿದದ್ದಕ್ಕೂ ವ್ಯಾನಿಗೂ ಸಂಬಂಧ ಇದೆ ಅಂತ ಹೊಳೆದಿರಲೇ ಇಲ್ಲ. ಹಾಗಾದರೆ ಮೊದಲ ಪದರದ ಮಳೆಯೂ ಹೀಗೇ ಬಂದದ್ದು. ಯೂಸುಫ್ ವಿಮಾನದಲ್ಲಿ ಜಾಸ್ತಿ ಕುಡಿದು ಮೂತ್ರಕ್ಕೆ ಹೋಗದೆ ಮಲಗಿದ್ದ! ಹಾಸಿಗೆ ಒದ್ದೆಯಾದ ದಿನ ನಮ್ಮ ಚಿಕ್ಕವನು ಬೆಳಿಗ್ಗೆ ಎದ್ದು ಹೇಳುವುದೂ ಅದನ್ನೇ: ‘ಹೊಳೆಯಲ್ಲಿ ಆಡ್ತಾ ಇದ್ದೆ ಅಮ್ಮ.’